ಒಂದು ಗೆಸ್ಟ್ ಇಡೀ ಹೋಸ್ಟನ್ನು ಬೀಳಿಸುವುದು ಹೇಗೆ

ಮುಧೋಳ ಭಾಗದ ಸಕ್ಕರೆ ಕಾರ್ಖಾನೆಯೊಂದರ ಸರ್ವರ್ ಕೋಣೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಡಿಸೆಂಬರ್ ತಿಂಗಳು, ಕಬ್ಬು ನುರಿಸುವ ಹಂಗಾಮು ಜೋರಾಗಿದೆ. ಎರಡು ಸರ್ವರುಗಳ ಮೇಲೆ ಹತ್ತು ವರ್ಚುವಲ್ ಮಷಿನ್, ಅಂದರೆ ತಂತ್ರಾಂಶದಿಂದಲೇ ರೂಪಿಸಿದ ಕಂಪ್ಯೂಟರುಗಳು, ಓಡುತ್ತಿವೆ (ಇವನ್ನು ಗೆಸ್ಟ್, ಇವನ್ನು ಹೊತ್ತ ಸರ್ವರನ್ನು ಹೋಸ್ಟ್, ಸರ್ವರನ್ನು ಇವುಗಳಿಗೆ ಹಂಚುವ ತಂತ್ರಾಂಶವನ್ನು ಹೈಪರ್‌ವೈಸರ್ ಎನ್ನುತ್ತಾರೆ): ಕಾಟಾದ ತೂಕ ದಾಖಲಿಸುವ ತಂತ್ರಾಂಶ, ರೈತರ ಬಿಲ್ಲಿನ ಡೇಟಾಬೇಸ್, ಹಾಜರಾತಿ, ಲ್ಯಾಬಿನ ಲೆಕ್ಕ, ಜತೆಗೆ ಹೊರಗಿನವರಿಗೆ ಕಾಣುವ ಒಂದು ವೆಬ್‌ಸೈಟ್. ಕಾಟಾ ಒಂದು ತಾಸು ನಿಂತರೂ ಗೇಟಿನ ಹೊರಗೆ ಟ್ರ್ಯಾಕ್ಟರ್ ಸಾಲು ಬೆಳೆಯುತ್ತದೆ. ಕಡಿದ ಕಬ್ಬನ್ನು 24 ಗಂಟೆಯೊಳಗೆ ನುರಿಸುವುದು ಒಳ್ಳೆಯದು. ತಡವಾದಷ್ಟೂ ತೂಕ ಇಳಿದು ರೈತನಿಗೆ ನಷ್ಟ, ಸಕ್ಕರೆ ಇಳುವರಿ ಇಳಿದು ಕಾರ್ಖಾನೆಗೆ ನಷ್ಟ. ಇಂಥ ಕಡೆ ಹೈಪರ್‌ವೈಸರ್ ಕಂಪನಿಯ ಅಡ್ವೈಸರಿಯಲ್ಲಿ, ಅಂದರೆ ಭದ್ರತಾ ದೋಷದ ಸೂಚನಾ ಪತ್ರದಲ್ಲಿ, ‘ಡಿನೈಯಲ್ ಆಫ್ ಸರ್ವಿಸ್, ತೀವ್ರತೆ ಮಧ್ಯಮ’ ಎಂದು ಬರೆದಿದ್ದರೆ ‘ಡೇಟಾ ಏನೂ ಕದಿಯುವುದಿಲ್ಲವಲ್ಲ’ ಎಂದು ಬದಿಗಿಡುವುದೇ ರೂಢಿ. ಆ ರೂಢಿ ತಪ್ಪು. ಏಕೆಂದು ತಿಳಿಯಲು ಈ ದೋಷಗಳು ಒಳಗೆ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ನೋಡಬೇಕು.

ಡಿನೈಯಲ್ ಆಫ್ ಸರ್ವಿಸ್, ಅಂದರೆ ಸೇವೆಯನ್ನೇ ನಿಲ್ಲಿಸುವ ಡಿಒಎಸ್, ಎಂದೊಡನೆ ಸಾವಿರಾರು ಕಂಪ್ಯೂಟರುಗಳು ಒಂದು ವೆಬ್‌ಸೈಟಿನ ಮೇಲೆ ಮುಗಿಬೀಳುವ ಚಿತ್ರ ಕಣ್ಣಿಗೆ ಬರುತ್ತದೆ. ಹೈಪರ್‌ವೈಸರ್ ವಿಷಯದಲ್ಲಿ ಅಷ್ಟು ದಂಡು ಬೇಕಾಗುವುದಿಲ್ಲ. ಒಂದೇ ಗೆಸ್ಟ್ ಸಾಕು. ಅದರೊಳಗೆ ಓಡುವ ಚಿಕ್ಕ ಪ್ರೋಗ್ರಾಮ್ ಹೋಸ್ಟಿನ ಸಿಪಿಯುವಿನ ಒಂದು ಕೋರನ್ನು ಹಿಡಿದು ನಿಲ್ಲಿಸಬಹುದು, ಹೋಸ್ಟಿನ ಆಪರೇಟಿಂಗ್ ಸಿಸ್ಟಮ್ ತಿರುಳಾದ ಕರ್ನಲ್ಲನ್ನೇ ಕ್ರ್ಯಾಶ್ ಮಾಡಬಹುದು. ಅದೇ ಹೋಸ್ಟಿನ ಮೇಲಿರುವ ಉಳಿದ ಗೆಸ್ಟ್‌ಗಳು ಯಾವ ತಪ್ಪೂ ಮಾಡದೆ ಅದರ ಜತೆಗೇ ಬೀಳುತ್ತವೆ.

ಹಾಗಾಗಿ ಯಾವುದೇ ಅಡ್ವೈಸರಿ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಬೇಕು. ಯಾರು ಬೀಳಿಸಬಲ್ಲರು: ಗೆಸ್ಟಿನೊಳಗಿನ ಸಾಮಾನ್ಯ ಬಳಕೆದಾರನೋ, ಗೆಸ್ಟಿನ ಅಡ್ಮಿನ್ ಅಥವಾ ರೂಟ್ ಆಗಿರುವವನೋ, ನೆಟ್‌ವರ್ಕಿನಲ್ಲಿ ಎಲ್ಲೋ ಕುಳಿತವನೋ? ಬೀಳುವುದು ಏನು: ಅದೇ ಗೆಸ್ಟ್ ಮಾತ್ರವೋ, ಇಡೀ ಹೋಸ್ಟೋ, ನಿರ್ವಹಣೆಯ ಸರ್ವರೋ? ಬಿದ್ದ ಮೇಲೆ ತಾನಾಗಿಯೇ ಏಳುತ್ತದೆಯೋ, ಅಥವಾ ಯಾರಾದರೂ ಕೋಣೆಗೆ ಹೋಗಿ ಪವರ್ ಬಟನ್ ಒತ್ತಬೇಕೋ? ಅಡ್ವೈಸರಿಯ ಮೇಲಿರುವ ಬಣ್ಣದ ಪಟ್ಟಿಗಿಂತ ಈ ಮೂರು ಉತ್ತರಗಳೇ ಮುಖ್ಯ.

ಸಿಪಿಯು ತನ್ನೊಳಗೇ ಸುತ್ತಿಕೊಂಡಾಗ

ಗೆಸ್ಟಿನ ಕೋಡ್ ಬಹುಪಾಲು ಸಮಯ ನೇರವಾಗಿ ನಿಜವಾದ ಸಿಪಿಯು ಮೇಲೆಯೇ ಓಡುತ್ತದೆ. ಸೂಕ್ಷ್ಮವಾದ ಕೆಲಸ ಬಂದಾಗ, ಉದಾಹರಣೆಗೆ ಸಾಧನವೊಂದಕ್ಕೆ ಬರೆಯುವಾಗ ಅಥವಾ ಟೈಮರ್ ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ತಡೆಯುವ ಸಂಕೇತ) ಬಂದಾಗ, ಸಿಪಿಯು ಗೆಸ್ಟನ್ನು ನಿಲ್ಲಿಸಿ ಹತೋಟಿಯನ್ನು ಹೈಪರ್‌ವೈಸರ್‌ಗೆ ಒಪ್ಪಿಸುತ್ತದೆ. ಇದಕ್ಕೆ ವಿಎಂ ಎಕ್ಸಿಟ್ ಎನ್ನುತ್ತಾರೆ. ಸಾಲು ಹಿಡಿದ ಗೆಸ್ಟ್‌ಗಳಿಗೆ ಹೈಪರ್‌ವೈಸರ್ ಸರದಿ ಹಂಚುವುದು ಈ ಎಕ್ಸಿಟ್‌ಗಳ ಭರವಸೆಯಲ್ಲಿ. ಎಕ್ಸಿಟ್ ಬಾರದಂತೆ ಗೆಸ್ಟ್ ಮಾಡಿತು ಎಂದರೆ ಆ ಕೋರ್ ಹೈಪರ್‌ವೈಸರ್‌ನ ಕೈತಪ್ಪಿತು.

2015ರ ನವೆಂಬರಿನಲ್ಲಿ ಹೊರಬಿದ್ದ ಎರಡು ದೋಷಗಳು ಇದನ್ನೇ ಮಾಡುತ್ತಿದ್ದವು: ಸಿವಿಇ-2015-5307 ಮತ್ತು ಸಿವಿಇ-2015-8104 (ಸಿವಿಇ ಎಂದರೆ ಬಹಿರಂಗವಾದ ದೋಷಗಳಿಗೆ ಕೊಡುವ ಗುರುತು ಸಂಖ್ಯೆ). ಝೆನ್ ಮತ್ತು ಕೆವಿಎಂ ಎಂಬ ಎರಡು ಹೈಪರ್‌ವೈಸರ್‌ಗಳಿಗೂ ಇವು ತಟ್ಟಿದವು. ಝೆನ್ ತಂಡ ಇವನ್ನು ಎಕ್ಸ್‌ಎಸ್‌ಎ-156 ಎಂಬ ಅಡ್ವೈಸರಿಯಲ್ಲಿ ಪ್ರಕಟಿಸಿತು. ಮೊದಲನೆಯದು ಅಲೈನ್‌ಮೆಂಟ್ ಚೆಕ್ ಎಂಬ ಎಕ್ಸೆಪ್ಶನ್‌ಗೆ, ಅಂದರೆ ಸಿಪಿಯು ಎತ್ತುವ ತಕರಾರಿಗೆ, ಸಂಬಂಧಿಸಿದ್ದು. ಮೆಮೊರಿಯ ವಿಳಾಸ ಸರಿಯಾದ ಗಡಿಯ ಮೇಲೆ ಇಲ್ಲದಿದ್ದರೆ ಸಿಪಿಯು ಈ ಎಕ್ಸೆಪ್ಶನ್ ಎಬ್ಬಿಸುತ್ತದೆ. ಅದನ್ನು ಹ್ಯಾಂಡ್ಲರ್‌ಗೆ, ಅಂದರೆ ನಿಭಾಯಿಸುವ ಕೋಡಿಗೆ, ತಲುಪಿಸಲು ಸಿಪಿಯು ಮೊದಲು ಸ್ಟ್ಯಾಕ್ ಎಂಬ ಮೆಮೊರಿ ಭಾಗದ ಮೇಲೆ ಕೆಲವು ಮೌಲ್ಯಗಳನ್ನು ಬರೆಯಬೇಕು. ಆ ಸ್ಟ್ಯಾಕಿನ ವಿಳಾಸವನ್ನೇ ಗೆಸ್ಟ್ ಬೇಕೆಂದೇ ಗಡಿ ತಪ್ಪಿಸಿ ಇಟ್ಟಿದ್ದರೆ ಬರೆಯುವಾಗ ಅದೇ ಎಕ್ಸೆಪ್ಶನ್ ಮತ್ತೆ ಏಳುತ್ತದೆ, ಅದನ್ನು ತಲುಪಿಸಲು ಹೋದರೆ ಮತ್ತೆ ಅದೇ. ಈ ಸುತ್ತು ಸಿಪಿಯು ಒಳಗಿನ ಸ್ವಂತ ತಂತ್ರಾಂಶವಾದ ಮೈಕ್ರೋಕೋಡಿನಲ್ಲಿಯೇ ನಡೆಯುತ್ತದೆ. ಎರಡು ಇನ್‌ಸ್ಟ್ರಕ್ಷನ್‌ಗಳ ನಡುವೆ ಬರಬೇಕಾದ ಬಿಡುವೇ ಬರುವುದಿಲ್ಲ, ಟೈಮರ್ ಇಂಟರಪ್ಟಿಗೂ ಒಳಗೆ ಬರಲು ಸಂದು ಸಿಗುವುದಿಲ್ಲ. ಎರಡನೆಯ ದೋಷದಲ್ಲಿ ಡೀಬಗ್ ಎಕ್ಸೆಪ್ಶನ್ ಇದೇ ರೀತಿ ಸುತ್ತುತ್ತದೆ.

ಪರಿಹಾರ ಚಿಕ್ಕದು: ಈ ಎರಡು ಎಕ್ಸೆಪ್ಶನ್‌ಗಳನ್ನು ಗೆಸ್ಟಿಗೆ ನೇರ ಬಿಡದೆ ಹೈಪರ್‌ವೈಸರ್ ಮೊದಲು ತಡೆದು ನೋಡಬೇಕು. ಆಗ ಮೊದಲ ಸುತ್ತಿನಲ್ಲೇ ವಿಎಂ ಎಕ್ಸಿಟ್ ಆಗಿ ಕೋರ್ ಕೈಗೆ ಬರುತ್ತದೆ. ಪ್ಯಾಚ್ (ದೋಷ ತಿದ್ದುವ ಅಪ್‌ಡೇಟ್) ಇಲ್ಲದ ಹೋಸ್ಟಿನಲ್ಲಿ ಆಗುವುದೇನು? ಒಂದು ಕೋರ್ ಸಿಕ್ಕಿಬಿದ್ದರೆ, ಆ ಕೋರಿಗಾಗಿ ಕಾಯುವ ಉಳಿದ ಕೋರುಗಳೂ ಒಂದೊಂದಾಗಿ ನಿಲ್ಲುತ್ತವೆ. ಲಿನಕ್ಸ್ ಹೋಸ್ಟಿನ ಲಾಗಿನಲ್ಲಿ ‘ಸಾಫ್ಟ್ ಲಾಕಪ್’ ಎಂಬ ಸಾಲು ಕಾಣಿಸುತ್ತದೆ. ಕೋರೊಂದು ಸುಮಾರು 20 ಸೆಕೆಂಡ್ ಪ್ರತಿಕ್ರಿಯಿಸದಿದ್ದರೆ ಕರ್ನಲ್ ಕೊಡುವ ಎಚ್ಚರಿಕೆ ಅದು. ಹೋಸ್ಟಿನಲ್ಲಿ ವಾಚ್‌ಡಾಗ್, ಅಂದರೆ ಯಂತ್ರ ನಿಂತರೆ ತಾನೇ ರೀಸೆಟ್ ಮಾಡುವ ಕಾವಲು ಟೈಮರ್, ಇದ್ದರೆ ಅದು ಹೋಸ್ಟನ್ನೇ ರೀಬೂಟ್ ಮಾಡುತ್ತದೆ. ಅಂದರೆ ರಕ್ಷಣೆಗೆಂದು ಇಟ್ಟ ವ್ಯವಸ್ಥೆಯಿಂದಲೇ ಎಲ್ಲ ಗೆಸ್ಟ್‌ಗಳೂ ಬೀಳುತ್ತವೆ. ಹಾಗೆಂದು ವಾಚ್‌ಡಾಗ್ ತೆಗೆದುಹಾಕಬಾರದು. ಅದಿಲ್ಲದಿದ್ದರೆ ಅರ್ಧ ಸತ್ತ ಹೋಸ್ಟ್ ಬೆಳಗಿನವರೆಗೂ ಹಾಗೇ ಇರುತ್ತದೆ.

2019ರ ನವೆಂಬರಿನಲ್ಲಿ ಬಂದ ಸಿವಿಇ-2018-12207 ಬೇರೆ ಬಗೆಯದು. ಮೆಮೊರಿಯ ವಿಳಾಸ ತಿರುಗಿಸುವ ಪುಟಗಳು 4 ಕೆಬಿ ಅಳತೆಯವೂ ಇರುತ್ತವೆ, 2 ಎಂಬಿ ಅಳತೆಯವೂ ಇರುತ್ತವೆ. ಓಡುತ್ತಿರುವ ಕೋಡ್ ಇರುವ ಪುಟದ ಅಳತೆಯನ್ನು ಗೆಸ್ಟ್ ದಿಢೀರನೆ ಬದಲಿಸಿ ಹಳೆಯ ದಾಖಲೆಯನ್ನು ಅಳಿಸದೇ ಬಿಟ್ಟರೆ, ಹಲವು ಇಂಟೆಲ್ ಚಿಪ್‌ಗಳ ಒಳಗೆ ಒಂದೇ ವಿಳಾಸಕ್ಕೆ ಎರಡು ದಾಖಲೆ ಸಿಗುತ್ತವೆ. ಸಿಪಿಯು ಅದನ್ನು ಹಾರ್ಡ್‌ವೇರ್ ದೋಷವೆಂದು ಪರಿಗಣಿಸಿ ಮಷಿನ್ ಚೆಕ್ ಎಬ್ಬಿಸುತ್ತದೆ, ಹೋಸ್ಟ್ ನಿಲ್ಲುತ್ತದೆ. ಎಎಂಡಿ ಚಿಪ್‌ಗಳಿಗೆ ಇದು ತಟ್ಟುವುದಿಲ್ಲ. ಇಲ್ಲಿನ ಅಪಾಯ ಎರಡು ಪಟ್ಟು: ಲಾಗ್ ನೋಡಿದವರಿಗೆ ಸಿಪಿಯು ಸುಟ್ಟಿದೆ ಎನ್ನಿಸುತ್ತದೆ. ಮದರ್‌ಬೋರ್ಡ್ ಬದಲಿಸಲು ಆರ್ಡರ್ ಕೊಡುವ ಮೊದಲು ಮಷಿನ್ ಚೆಕ್ ದಾಖಲೆಯಲ್ಲಿನ ದೋಷ ಸಂಕೇತ ಹೆಕ್ಸಾಡೆಸಿಮಲ್ 0150 ಇದೆಯೇ ನೋಡಿ. ಅದು ಇದೇ ದೋಷದ ಗುರುತು.

ಕೆವಿಎಂನಲ್ಲಿ ಇದಕ್ಕೆ ಕೊಟ್ಟ ಪರಿಹಾರ ಜಾಣತನದ್ದು. 2 ಎಂಬಿ ಪುಟಗಳಿಂದ ಕೋಡ್ ಓಡಿಸಲು ಅನುಮತಿಯನ್ನೇ ಕೊಡುವುದಿಲ್ಲ. ಗೆಸ್ಟ್ ಓಡಿಸಲು ಹೋದರೆ ಆ ಪುಟವನ್ನು 4 ಕೆಬಿಯ 512 ತುಂಡು ಮಾಡಿ ಆಮೇಲೆ ಬಿಡುತ್ತದೆ. ಸ್ವಲ್ಪ ವೇಗ ಕಡಿಮೆಯಾಗುತ್ತದೆ, ಅದಕ್ಕೇ ಕೆಲವರು ಆಫ್ ಮಾಡಿಟ್ಟಿರುತ್ತಾರೆ. ನಿಮ್ಮ ಲಿನಕ್ಸ್ ಹೋಸ್ಟಿನ ಸ್ಥಿತಿ ತಿಳಿಯಲು ಸಿಸ್ ಫೈಲ್‌ಸಿಸ್ಟಮ್‌ನಲ್ಲಿ ಸಿಪಿಯು ಅಡಿಯ ‘ವಲ್ನರಬಿಲಿಟೀಸ್’ ಫೋಲ್ಡರ್ ತೆರೆದು ‘ಐಟಿಎಲ್‌ಬಿ ಮಲ್ಟಿಹಿಟ್’ ಫೈಲ್ ಓದಿ. ‘ಸ್ಪ್ಲಿಟ್ ಹ್ಯೂಜ್ ಪೇಜಸ್’ ಎಂದಿದ್ದರೆ ರಕ್ಷಣೆ ಇದೆ. ‘ವಲ್ನರಬಲ್’ ಎಂದಿದ್ದರೆ ಯಾರೋ ಆಫ್ ಮಾಡಿದ್ದಾರೆ ಅಥವಾ ಕರ್ನಲ್ ಹಳೆಯದು. ಬೇರೆ ಹೈಪರ್‌ವೈಸರ್‌ಗಳಲ್ಲಿಯೂ ಪ್ಯಾಚ್ ಹಾಕಿದ ಮಾತ್ರಕ್ಕೆ ರಕ್ಷಣೆ ಆನ್ ಆಗಿದೆ ಎಂದು ನಂಬದೆ ಅಡ್ವೈಸರಿಯನ್ನು ಕೊನೆಯವರೆಗೆ ಓದಬೇಕು.

ಇಲ್ಲದ ಫ್ಲಾಪಿಯ ಕಥೆ, ಮತ್ತು ಎಮ್ಯುಲೇಶನ್ ಎಲ್ಲಿ ನಡೆಯುತ್ತದೆ ಎಂಬ ಪ್ರಶ್ನೆ

ಗೆಸ್ಟಿಗೆ ಕಾಣುವ ನೆಟ್‌ವರ್ಕ್ ಕಾರ್ಡ್, ಡಿಸ್ಕ್ ಕಂಟ್ರೋಲರ್, ಡಿಸ್‌ಪ್ಲೇ ಎಲ್ಲವೂ ತಂತ್ರಾಂಶ ಸೃಷ್ಟಿಸಿದವು. ಇದಕ್ಕೇ ಎಮ್ಯುಲೇಶನ್ ಎನ್ನುತ್ತಾರೆ. ಗೆಸ್ಟ್ ಕಳುಹಿಸಿದ ಪ್ರತಿ ಆಜ್ಞೆಯನ್ನೂ ಆ ತಂತ್ರಾಂಶ ಪರಿಶೀಲಿಸಬೇಕು. ಪರಿಶೀಲನೆಯಲ್ಲಿ ಲೋಪವಿದ್ದರೆ ಕ್ರ್ಯಾಶ್, ಅಥವಾ ಮುಗಿಯದ ಲೂಪ್. 2015ರ ಮೇ ತಿಂಗಳಲ್ಲಿ ವೆನಮ್ ಎಂಬ ಹೆಸರಿನಲ್ಲಿ ಸುದ್ದಿಯಾದ ಸಿವಿಇ-2015-3456 ಇದ್ದದ್ದು ಇಂಥ ಸಾಧನಗಳನ್ನು ಸೃಷ್ಟಿಸುವ ಕ್ಯೂಇಎಂಯು ತಂತ್ರಾಂಶದ ಫ್ಲಾಪಿ ಕಂಟ್ರೋಲರ್ ಕೋಡಿನಲ್ಲಿ. ಫ್ಲಾಪಿ ಡ್ರೈವನ್ನು ಯಾರೂ ಬಳಸುತ್ತಿರಲಿಲ್ಲ. ಅಷ್ಟೇ ಅಲ್ಲ, ಅಡ್ಮಿನ್ ಅದನ್ನು ಸೆಟ್ಟಿಂಗ್‌ನಲ್ಲಿ ತೆಗೆದುಹಾಕಿದ್ದರೂ ಇನ್ನೊಂದು ಬಗ್‌ನಿಂದಾಗಿ ಆ ಕೋಡ್ ಜೀವಂತವಾಗಿಯೇ ಇರುತ್ತಿತ್ತು. ಆದ್ದರಿಂದ ಬಳಸದ ಸಾಧನಗಳನ್ನು ಗೆಸ್ಟಿನಿಂದ ತೆಗೆಯುವುದು ಒಳ್ಳೆಯ ಅಭ್ಯಾಸವೇ ಆದರೂ ಅದು ಪ್ಯಾಚಿಗೆ ಬದಲಿಯಲ್ಲ.

ಎಮ್ಯುಲೇಶನ್ ಕೋಡ್ ಎಲ್ಲಿ ಓಡುತ್ತದೆ ಎಂಬುದರ ಮೇಲೆ ಹಾನಿಯ ವ್ಯಾಪ್ತಿ ನಿಂತಿದೆ. ಕೆವಿಎಂನಲ್ಲಿ, ಹಾಗೂ ಅದನ್ನೇ ಬಳಸುವ ಪ್ರಾಕ್ಸ್‌ಮಾಕ್ಸ್‌ನಲ್ಲಿ, ಪ್ರತಿ ಗೆಸ್ಟಿಗೂ ಒಂದು ಕ್ಯೂಇಎಂಯು ಪ್ರೊಸೆಸ್ ಇರುತ್ತದೆ. ಸಿವಿಇ-2015-6815ರಂತೆ ಇ1000 ನೆಟ್‌ವರ್ಕ್ ಕಾರ್ಡಿನ ಕೋಡ್ ಮುಗಿಯದ ಲೂಪಿಗೆ ಬಿದ್ದರೆ ಸಾಯುವುದು ಆ ಪ್ರೊಸೆಸ್, ಅಂದರೆ ಆ ಗೆಸ್ಟ್ ಒಂದೇ. ತನ್ನ ಗೆಸ್ಟನ್ನು ತಾನೇ ಕೆಡವಿಕೊಳ್ಳುವ ರೂಟ್ ಬಳಕೆದಾರನಿಂದ ಪಕ್ಕದವರಿಗೆ ತೊಂದರೆಯಿಲ್ಲ. ಅವನು ಶಟ್‌ಡೌನ್ ಆಜ್ಞೆಯಿಂದಲೂ ಅದನ್ನೇ ಮಾಡಬಹುದಿತ್ತು. ಇಂಥವನ್ನು ಮುಂದಿನ ನಿಗದಿತ ಪ್ಯಾಚ್ ದಿನದವರೆಗೆ ತಡೆದರೆ ನಡೆಯುತ್ತದೆ. ಆದರೆ ವೇಗಕ್ಕಾಗಿ ನೆಟ್‌ವರ್ಕ್ ಕೆಲಸವನ್ನು ಹೋಸ್ಟ್ ಕರ್ನಲ್ಲಿಗೇ ಒಯ್ದಿರುವ ವಿಹೋಸ್ಟ್-ನೆಟ್ ಬೇರೆ ಮಾತು. ಸಿವಿಇ-2019-3900ರಲ್ಲಿ ಪ್ಯಾಕೆಟ್‌ಗಳು ಒಂದೇ ಸಮನೆ ಬರುತ್ತಿದ್ದರೆ ಕರ್ನಲ್‌ನ ಥ್ರೆಡ್ ಲೂಪಿನಿಂದ ಹೊರಬರುತ್ತಲೇ ಇರಲಿಲ್ಲ. ಸಿಕ್ಕಿಬೀಳುವುದು ಹೋಸ್ಟಿನ ಕೋರ್.

ಮೈಕ್ರೋಸಾಫ್ಟಿನ ಹೈಪರ್-ವಿಯಲ್ಲಿ ವರ್ಚುವಲ್ ಸ್ವಿಚ್ ಹೋಸ್ಟಿನ ಕರ್ನಲ್ ಡ್ರೈವರ್. 2021ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಸರಿಪಡಿಸಿದ ಸಿವಿಇ-2021-28476 ಅದರಲ್ಲಿತ್ತು. ಗೆಸ್ಟ್ ಕಳುಹಿಸಿದ ಪ್ಯಾಕೆಟ್ಟಿನೊಳಗಿನ ಪಾಯಿಂಟರನ್ನು ಪರಿಶೀಲಿಸದೆ ಡ್ರೈವರ್ ಓದಲು ಹೋಗುತ್ತಿತ್ತು. ತೀವ್ರತೆಯ ಅಂಕ 10ಕ್ಕೆ 9.9, ಹೋಸ್ಟನ್ನೇ ವಶಪಡಿಸಿಕೊಳ್ಳುವ ಸಾಧ್ಯತೆಯೂ ಇದ್ದುದರಿಂದ ಅಷ್ಟು ಅಂಕ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಆಗುವುದು ಹೋಸ್ಟ್ ಕ್ರ್ಯಾಶ್ ಎಂದು ಮೈಕ್ರೋಸಾಫ್ಟೇ ಹೇಳಿತ್ತು.

ವಿಎಂವೇರ್ ಇಎಸ್‌ಎಕ್ಸ್‌ಐನಲ್ಲಿ ಗೆಸ್ಟಿಗೊಂದು ವಿಎಂಎಕ್ಸ್ ಪ್ರೊಸೆಸ್ ಇರುತ್ತದೆ. 2020ರ ಸಿವಿಇ-2020-3999ರಲ್ಲಿ ಗೆಸ್ಟ್‌ಇನ್ಫೋ ಎಂಬ ಮಾಹಿತಿ ವಿನಿಮಯದ ದಾರಿಯಿಂದ ಗೆಸ್ಟಿನೊಳಗಿನ ಸಾಮಾನ್ಯ ಬಳಕೆದಾರನೂ ಆ ಪ್ರೊಸೆಸ್ಸನ್ನು ಕ್ರ್ಯಾಶ್ ಮಾಡಬಹುದಿತ್ತು. ಒಂದೇ ಗೆಸ್ಟ್ ಬೀಳುವುದಾದರೂ, ಹಲವರು ಲಾಗಿನ್ ಆಗಿ ಕೆಲಸ ಮಾಡುವ ಟರ್ಮಿನಲ್ ಸರ್ವರಿನಲ್ಲಿ ಒಬ್ಬನಿಂದ ಎಲ್ಲರ ಕೆಲಸ ನಿಲ್ಲುತ್ತದೆ. 2024ರ ಜೂನ್‌ನಲ್ಲಿ ಬಂದ ಸಿವಿಇ-2024-37086 ಇನ್ನೂ ಮೇಲಿನದು: ಗೆಸ್ಟಿಗೆ ಸ್ನ್ಯಾಪ್‌ಶಾಟ್ (ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟದ್ದು) ಇದ್ದು, ಒಳಗೆ ಅಡ್ಮಿನ್ ಅಧಿಕಾರವಿದ್ದರೆ, ಹೋಸ್ಟನ್ನೇ ನಿಲ್ಲಿಸಬಹುದು. ಸ್ನ್ಯಾಪ್‌ಶಾಟುಗಳನ್ನು ತಿಂಗಳುಗಟ್ಟಲೆ ಬ್ಯಾಕಪ್ ಎಂದುಕೊಂಡು ಇಟ್ಟುಕೊಳ್ಳುವ ಕಡೆ ಈ ಷರತ್ತು ಸದಾ ಪೂರ್ತಿಯಾಗಿಯೇ ಇರುತ್ತದೆ.

ಸಿವಿಇ ಸಂಖ್ಯೆ ಇಲ್ಲದ ಬೀಳುವಿಕೆ

ಹಂಚಿಕೊಂಡ ಸಂಪನ್ಮೂಲ ಮುಗಿಸುವುದಕ್ಕೆ ಬಗ್ ಬೇಕಿಲ್ಲ. ಡಿಸ್ಕಿನಿಂದ ಆರಂಭಿಸೋಣ. ಗೆಸ್ಟ್‌ಗಳ ಡಿಸ್ಕ್ ಇಡುವ 4 ಟಿಬಿ ಡೇಟಾಸ್ಟೋರ್ ಮೇಲೆ ಥಿನ್ ಪ್ರಾವಿಶನಿಂಗ್‌ನಲ್ಲಿ, ಅಂದರೆ ಬಳಸಿದಷ್ಟೇ ಜಾಗ ಹಿಡಿಯುವಂತೆ, ಒಟ್ಟು 7 ಟಿಬಿ ಹಂಚಿದ್ದರೆ, ಯಾವುದೋ ಒಂದು ಗೆಸ್ಟ್ ಸುಮ್ಮನೆ ಫೈಲ್ ಬರೆಯುತ್ತಾ ಹೋದರೂ ಸಾಕು. ಜಾಗ ಮುಗಿದ ಕ್ಷಣ, ಹೊಸ ಬ್ಲಾಕ್ ಕೇಳಿದ ಪ್ರತಿ ಗೆಸ್ಟೂ ನಿಲ್ಲುತ್ತದೆ. ಕೆವಿಎಂ ನಿರ್ವಹಿಸುವ ಲಿಬ್‌ವರ್ಟ್‌ನಲ್ಲಿ ಅದು ಐ/ಒ ದೋಷದಿಂದ ‘ಪಾಝ್ಡ್’ (ತಡೆದು ನಿಲ್ಲಿಸಿದೆ), ಹೈಪರ್-ವಿಯಲ್ಲಿ ‘ಪಾಝ್ಡ್-ಕ್ರಿಟಿಕಲ್’. ಬರೆದ ಗೆಸ್ಟಷ್ಟೇ ಅಲ್ಲ, ಬಿಲ್ಲಿನ ಡೇಟಾಬೇಸೂ ನಿಂತಿರುತ್ತದೆ. ಹಂಗಾಮಿನಲ್ಲಿ ಬರುವ ತೊಂದರೆಗಳಲ್ಲಿ ಇದು ಯಾವ ದಾಳಿಗಿಂತಲೂ ಹೆಚ್ಚು ಸಂಭವನೀಯ. ಕಾಟಾ ಮತ್ತು ಬಿಲ್ಲಿನ ಗೆಸ್ಟ್‌ಗಳಿಗೆ ಥಿಕ್ (ಪೂರ್ತಿ ಜಾಗವನ್ನು ಮೊದಲೇ ಕಾಯ್ದಿರಿಸಿದ) ಡಿಸ್ಕ್ ಕೊಟ್ಟು ಪ್ರತ್ಯೇಕ ಡೇಟಾಸ್ಟೋರಿನಲ್ಲಿಡಿ, ಶೇ. 75 ತುಂಬಿದಾಗಲೇ ಎಚ್ಚರಿಕೆ ಬರುವಂತೆ ಹೊಂದಿಸಿ. ಸ್ನ್ಯಾಪ್‌ಶಾಟ್ ಫೈಲೂ ಇದೇ ಜಾಗ ತಿನ್ನುತ್ತದೆ ಎಂಬುದನ್ನು ಮರೆಯಬೇಡಿ.

ಎರಡನೆಯದು ಸ್ಪ್ಲಿಟ್ ಲಾಕ್. ಒಂದು ಅಟಾಮಿಕ್ ಆಜ್ಞೆ (ನಡುವೆ ತುಂಡಾಗದೆ ಒಮ್ಮೆಗೇ ಮುಗಿಯಬೇಕಾದದ್ದು) ಸಿಪಿಯುವಿನ ಕ್ಯಾಶ್ ಮೆಮೊರಿಯ ಎರಡು ಸಾಲುಗಳ ಮೇಲೆ ಚಾಚಿಕೊಂಡರೆ ಸಿಪಿಯು ಇಡೀ ಮೆಮೊರಿ ಬಸ್ಸನ್ನೇ ಲಾಕ್ ಮಾಡುತ್ತದೆ. ಒಂದೇ ಸಾಲಿನೊಳಗಿನ ಆಜ್ಞೆಗಿಂತ ಇದು ಸಾವಿರಕ್ಕೂ ಹೆಚ್ಚು ಸೈಕಲ್ ತಿನ್ನುತ್ತದೆ, ಆ ಹೊತ್ತಿನಲ್ಲಿ ಬೇರೆ ಕೋರುಗಳೂ ಕಾಯಬೇಕು. ಘಟಪ್ರಭಾ ಕಾಲುವೆಯ ಮೇಲ್ತುದಿಯವನು ಪದೇ ಪದೇ ತೂಬು ಇಳಿಸಿದರೆ ಕೆಳಗಿನ ಹೊಲಗಳೆಲ್ಲ ಒಣಗುವ ಹಾಗೆ, ಒಂದು ಗೆಸ್ಟಿನ ಲೂಪ್ ಎಲ್ಲರ ವೇಗವನ್ನೂ ಇಳಿಸುತ್ತದೆ. ಗೆಸ್ಟಿಗೆ ಒಂದೇ ವಿಸಿಪಿಯು (ವರ್ಚುವಲ್ ಸಿಪಿಯು) ಕೊಟ್ಟಿದ್ದೇವೆ, ಮಿತಿ ಹಾಕಿದ್ದೇವೆ ಎಂಬ ಧೈರ್ಯ ಇಲ್ಲಿ ನಿಲ್ಲುವುದಿಲ್ಲ. ಲಿನಕ್ಸ್ 5.7ರಿಂದ ಸ್ಪ್ಲಿಟ್ ಲಾಕ್ ಪತ್ತೆ ಮಾಡುವ ವ್ಯವಸ್ಥೆ ಬಂದಿದೆ, ಚಿಪ್ ಅದಕ್ಕೆ ಬೆಂಬಲ ಕೊಡಬೇಕು ಅಷ್ಟೇ.

ಪಕ್ಕದ ಗೆಸ್ಟ್ ಕೋರ್ ಕಸಿಯುತ್ತಿದೆಯೇ ಎಂದು ಅಳೆಯಲು ಲಿನಕ್ಸ್ ಗೆಸ್ಟಿನೊಳಗೆ ‘ಟಾಪ್’ ಓಡಿಸಿ ಸ್ಟೀಲ್, ಅಂದರೆ ಕಸಿದುಹೋದ ಸಮಯದ, ಕಾಲಮ್ ನೋಡಬಹುದು. ವಿಎಂವೇರಿನ ವಿಸ್ಫಿಯರ್‌ನಲ್ಲಿ ಸಿಪಿಯು ರೆಡಿ, ಅಂದರೆ ಗೆಸ್ಟ್ ಕೋರಿಗಾಗಿ ಕಾದ ಸಮಯ, ನೋಡಬೇಕು. ರಿಯಲ್‌ಟೈಮ್ ಗ್ರಾಫಿನ ಒಂದು ಅಳತೆ 20 ಸೆಕೆಂಡಿನದು, ಅಂದರೆ 20,000 ಮಿಲಿಸೆಕೆಂಡ್. ಒಂದು ವಿಸಿಪಿಯುಗೆ 1,000 ಮಿಲಿಸೆಕೆಂಡ್ ರೆಡಿ ತೋರಿಸಿದರೆ ಅದು ಶೇ. 5. ಅದಕ್ಕಿಂತ ಮೇಲೆ ಏರಿ ಅಲ್ಲೇ ನಿಂತಿದ್ದರೆ ಹುಡುಕಲು ಶುರುಮಾಡಬೇಕು.

ಝೆನ್ ಬಳಸುವವರು 2022ರ ನವೆಂಬರಿನ ಎಕ್ಸ್‌ಎಸ್‌ಎ-326 ಗಮನಿಸಬೇಕು. ಎಲ್ಲ ಗೆಸ್ಟ್‌ಗಳೂ ಮಾಹಿತಿ ಬರೆದಿಡುವ ಝೆನ್‌ಸ್ಟೋರ್ ಎಂಬ ಸೇವೆಯ ಮೆಮೊರಿಯನ್ನು ಒಂದೇ ಗೆಸ್ಟ್ ತುಂಬಿಸಿಬಿಡಬಹುದಿತ್ತು. ಗೆಸ್ಟಿಗೆ ಇಷ್ಟೇ ಎಂದು ಮಿತಿ ಹಾಕಿದ್ದೇ ಪರಿಹಾರವಾಯಿತು.

ನಿರ್ವಹಣೆಯ ಬಾಗಿಲು

ಇಎಸ್‌ಎಕ್ಸ್‌ಐನ ಎಸ್‌ಎಲ್‌ಪಿ ಸೇವೆ (ನೆಟ್‌ವರ್ಕಿನಲ್ಲಿರುವ ಸೇವೆಗಳನ್ನು ಹುಡುಕಿಕೊಡುವುದು) 427ನೇ ಪೋರ್ಟಿನಲ್ಲಿ ಕೇಳುತ್ತಿರುತ್ತದೆ. 2023ರ ಫೆಬ್ರವರಿಯಲ್ಲಿ ಇಎಸ್‌ಎಕ್ಸ್‌ಐಆರ್ಗ್ಸ್ ರ‍್ಯಾನ್ಸಮ್‌ವೇರ್ ಹಬ್ಬಿದಾಗ ಬೊಟ್ಟು ಮಾಡಿದ್ದು ಈ ಸೇವೆಯಲ್ಲಿನ ಸಿವಿಇ-2021-21974 ಕಡೆಗೆ. ಅದಕ್ಕೆ ಪ್ಯಾಚ್ ಬಂದು ಎರಡು ವರ್ಷವಾಗಿತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ಸಿವಿಇ-2023-29552 ಪ್ರಕಟವಾಯಿತು: ಸುಳ್ಳು ವಿಳಾಸದಿಂದ 29 ಬೈಟ್‌ನ ಪ್ರಶ್ನೆ ಕಳುಹಿಸಿ, ಉತ್ತರವನ್ನು 2,200 ಪಟ್ಟಿನವರೆಗೆ ಹಿಗ್ಗಿಸಿ ಮೂರನೆಯವರ ಮೇಲೆ ಸುರಿಯಬಹುದು. ಅಂದರೆ ಬೆಳಗಾವಿಯ ಉದ್ಯಮಬಾಗದ ಒಂದು ಚಿಕ್ಕ ಕಚೇರಿಯ ಹಳೆಯ ಹೋಸ್ಟ್ ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದರೆ ಅದು ಬೇರೆ ಯಾರದೋ ಮೇಲಿನ ದಾಳಿಗೆ ಉಪಕರಣವಾಗುತ್ತದೆ, ಕಚೇರಿಯ ಸ್ವಂತ ಲೈನೂ ಕಟ್ಟಿಕೊಳ್ಳುತ್ತದೆ. ಇದು ತಟ್ಟುವುದು ಮುಖ್ಯವಾಗಿ 6.5, 6.7ರಂಥ ಹಳೆಯ ಆವೃತ್ತಿಗಳಿಗೆ. ಅವುಗಳ ಸಾಮಾನ್ಯ ಬೆಂಬಲ 2022ರ ಅಕ್ಟೋಬರ್ 15ಕ್ಕೆ ಮುಗಿದಿದೆ. 7.0ರ ಬೆಂಬಲವೂ 2025ರ ಅಕ್ಟೋಬರ್ 2ಕ್ಕೆ ಮುಗಿಯಿತು. ಎಸ್‌ಎಲ್‌ಪಿ ಸೇವೆ ನಿಲ್ಲಿಸಿ, ಬೂಟ್ ಆದಾಗ ಮತ್ತೆ ಏಳದಂತೆ ಮಾಡಿ, ಫೈರ್‌ವಾಲ್‌ನಲ್ಲೂ ಅದರ ನಿಯಮ ಮುಚ್ಚಿ. ಮೂರೂ ಬೇಕು, ಬರೀ ನಿಲ್ಲಿಸಿದರೆ ರೀಬೂಟ್ ಆದ ದಿನ ಅದು ಮತ್ತೆ ಬರುತ್ತದೆ.

ಎಲ್ಲ ಹೋಸ್ಟ್‌ಗಳನ್ನು ಒಂದೆಡೆಯಿಂದ ನಿರ್ವಹಿಸುವ ವಿಸೆಂಟರ್ ಬಿದ್ದರೆ ಗಾಬರಿ ಬೇಡ: ಗೆಸ್ಟ್‌ಗಳು ಓಡುತ್ತಲೇ ಇರುತ್ತವೆ, ಹೋಸ್ಟ್‌ಗಳಲ್ಲಿರುವ ಏಜೆಂಟ್‌ಗಳು ಎಚ್‌ಎ (ಹೈ ಅವೈಲಬಿಲಿಟಿ, ಹೋಸ್ಟ್ ಬಿದ್ದರೆ ಗೆಸ್ಟ್‌ಗಳನ್ನು ಬೇರೆಡೆ ಏಳಿಸುವ ವ್ಯವಸ್ಥೆ) ಕೆಲಸವನ್ನು ತಾವೇ ಮುಂದುವರಿಸುತ್ತವೆ. ನಿಲ್ಲುವುದು ವಿಮೋಶನ್ (ಓಡುತ್ತಿರುವ ಗೆಸ್ಟನ್ನು ಬೇರೆ ಹೋಸ್ಟಿಗೆ ಸಾಗಿಸುವುದು), ಲೋಡ್ ಹಂಚಿಕೆ, ಕೇಂದ್ರ ಪರದೆ. ಆದರೂ ನಿರ್ವಹಣೆಯ ನೆಟ್‌ವರ್ಕನ್ನು ಪ್ರತ್ಯೇಕ ವಿಲ್ಯಾನ್‌ನಲ್ಲಿ (ಬೇರ್ಪಡಿಸಿದ ವರ್ಚುವಲ್ ನೆಟ್‌ವರ್ಕಿನಲ್ಲಿ) ಇಟ್ಟು, ಅಡ್ಮಿನ್‌ಗಳ ಒಂದೆರಡು ಕಂಪ್ಯೂಟರಿನಿಂದ ಮಾತ್ರ ತಲುಪುವಂತೆ ಮಾಡುವುದೇ ಸರಿ.

6.5 ಎಂಬ ಅಂಕ ಏನನ್ನು ಹೇಳುವುದಿಲ್ಲ

ಗೆಸ್ಟಿನೊಳಗಿನ ಸಾಮಾನ್ಯ ಬಳಕೆದಾರ ಸುಲಭವಾಗಿ ಹೋಸ್ಟ್ ಕೆಡವಬಲ್ಲ, ಡೇಟಾ ಸೋರುವುದಿಲ್ಲ, ಬದಲಾಗುವುದಿಲ್ಲ, ಲಭ್ಯತೆ ಮಾತ್ರ ಪೂರ್ತಿ ಹೋಗುತ್ತದೆ ಎಂದುಕೊಳ್ಳಿ. ದೋಷಗಳ ತೀವ್ರತೆಗೆ ಅಂಕ ಕೊಡುವ ಸಿವಿಎಸ್‌ಎಸ್ 3.1ರ ಲೆಕ್ಕದಲ್ಲಿ ಇದಕ್ಕೆ ಸಿಗುವುದು 6.5. 4.0ರಿಂದ 6.9ರವರೆಗೆ ‘ಮಧ್ಯಮ’. ಗೌಪ್ಯತೆ, ಅಖಂಡತೆ, ಲಭ್ಯತೆ ಮೂರಕ್ಕೂ ಸಮಾನ ತೂಕ ಕೊಡುವ ಸೂತ್ರದಲ್ಲಿ, ಗೆಸ್ಟಿನೊಳಗಿನಿಂದ ನಡೆಯುವ ಇಂಥ ದಾಳಿಯಲ್ಲಿ ಒಂದೇ ಹೋದರೆ ಅಂಕ ಹೆಚ್ಚು ಏರುವುದಿಲ್ಲ. ಹೋಸ್ಟಿನ ಮೇಲೆ ಎರಡು ಗೆಸ್ಟ್ ಇದ್ದರೂ ನಲವತ್ತು ಇದ್ದರೂ ಅಂಕ ಒಂದೇ. ಹಾಗಾಗಿ ‘7ಕ್ಕಿಂತ ಮೇಲಿನವನ್ನು ಮಾತ್ರ ಬೇಗ ಪ್ಯಾಚ್ ಮಾಡುತ್ತೇವೆ’ ಎಂಬ ನಿಯಮ ಹೋಸ್ಟ್ ಬೀಳಿಸುವ ದೋಷಗಳನ್ನು ವ್ಯವಸ್ಥಿತವಾಗಿ ಹಿಂದಕ್ಕೆ ತಳ್ಳುತ್ತದೆ. ನಮ್ಮ ಸಲಹೆ ಸ್ಪಷ್ಟ: ‘ಗೆಸ್ಟಿನಿಂದ ಹೋಸ್ಟ್ ಕ್ರ್ಯಾಶ್’ ಎಂಬ ಅರ್ಥದ ಯಾವ ದೋಷವನ್ನೂ ಅಂಕ ನೋಡದೆ ಮೇಲಿನ ದರ್ಜೆಗೆ ಸೇರಿಸಿ.

‘ಗೆಸ್ಟಿನ ಅಡ್ಮಿನ್ ಅಧಿಕಾರ ಬೇಕು’ ಎಂಬ ಷರತ್ತೂ ಜಾಗಕ್ಕೆ ತಕ್ಕಂತೆ ಅರ್ಥ ಬದಲಿಸುತ್ತದೆ. ಕಾರ್ಖಾನೆಯ ಕಾಟಾ ಗೆಸ್ಟಿನಲ್ಲಿ ಅಡ್ಮಿನ್ ಒಬ್ಬರೇ. ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಅರವತ್ತು ವಿದ್ಯಾರ್ಥಿಗಳಿಗೆ ಅರವತ್ತು ಗೆಸ್ಟ್ ಕೊಟ್ಟಿದ್ದರೆ ಅರವತ್ತು ಮಂದಿಯೂ ರೂಟ್. ಕರ್ನಲ್ ಮಾಡ್ಯೂಲ್ ಬರೆಯುವುದು ಅವರ ಪಾಠದಲ್ಲೇ ಇದೆ. ತಪ್ಪಿ ಬರೆದ ಮಾಡ್ಯೂಲೂ ದೋಷವನ್ನು ಕೆರಳಿಸಬಹುದು. ಅದೇ ಹೋಸ್ಟಿನ ಮೇಲೆ ಶುಲ್ಕ, ಪರೀಕ್ಷಾ ವಿಭಾಗದ ಗೆಸ್ಟ್ ಇಡುವುದು ದೊಡ್ಡ ತಪ್ಪು. ಹಳೆಯದೇ ಆಗಲಿ, ಲ್ಯಾಬಿಗೆ ಬೇರೆ ಹೋಸ್ಟ್ ಕೊಡಿ.

ಎಚ್‌ಎ ದೋಷವನ್ನು ಹೊತ್ತೊಯ್ಯುವಾಗ

ಒಂದು ಹೋಸ್ಟ್ ಬಿದ್ದರೆ ಅದರ ಗೆಸ್ಟ್‌ಗಳನ್ನು ಇನ್ನೊಂದರ ಮೇಲೆ ಏಳಿಸುವುದು ಎಚ್‌ಎ ಕೆಲಸ. ಡಿಸ್ಕ್, ಪವರ್ ಸಪ್ಲೈ ಕೆಟ್ಟಾಗ ಇದು ವರದಾನ. ಆದರೆ ಹೋಸ್ಟನ್ನು ಕೆಡವಿದ್ದು ಒಂದು ಗೆಸ್ಟೇ ಆಗಿದ್ದರೆ? ಎಚ್‌ಎ ಅದನ್ನೂ ಎರಡನೇ ಹೋಸ್ಟಿನ ಮೇಲೆ ನಿಷ್ಠೆಯಿಂದ ಏಳಿಸುತ್ತದೆ. ದುರುದ್ದೇಶದ ಕೋಡ್ ಬೂಟ್ ಆದ ತಕ್ಷಣ ಓಡುವಂತಿದ್ದರೆ ಎರಡನೆಯದೂ ಬೀಳುತ್ತದೆ, ಆಮೇಲೆ ಮೂರನೆಯದು. ಇದನ್ನು ತಡೆಯಲು ಹೊರಗಿನವರಿಗೆ ತೆರೆದಿರುವ ಹಾಗೂ ಮುಖ್ಯವಲ್ಲದ ಗೆಸ್ಟ್‌ಗಳಿಗೆ ಎಚ್‌ಎ ಮರುಚಾಲನೆಯನ್ನೇ ಆಫ್ ಮಾಡಿ. ವಿಸ್ಫಿಯರ್‌ನಲ್ಲಿ ಗೆಸ್ಟ್‌ವಾರು ಓವರ್‌ರೈಡ್‌ನಲ್ಲಿ ಇದು ಸಾಧ್ಯ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಆ ಗೆಸ್ಟನ್ನು ಎಚ್‌ಎ ಪಟ್ಟಿಗೆ ಸೇರಿಸದೆ ಬಿಟ್ಟರಾಯಿತು.

ಅರ್ಧ ಸತ್ತ ಹೋಸ್ಟ್ ಇನ್ನೊಂದು ತೊಡಕು. ನಾಲ್ಕು ಕೋರ್ ಸಿಕ್ಕಿಬಿದ್ದು ಉಳಿದವು ಓಡುತ್ತಿದ್ದರೆ ‘ಬದುಕಿದ್ದೇನೆ’ ಎಂಬ ಹಾರ್ಟ್‌ಬೀಟ್ ಸಂಕೇತ ಹೊರಡುತ್ತಲೇ ಇರುತ್ತದೆ, ಪಿಂಗಿಗೂ ಉತ್ತರ ಬರುತ್ತದೆ, ಆದರೆ ಗೆಸ್ಟ್‌ಗಳು ನಿಂತಿರುತ್ತವೆ. ಎಚ್‌ಎ ಕೈಕಟ್ಟಿ ಕೂರುತ್ತದೆ. ಆದ್ದರಿಂದ ಹೋಸ್ಟಿಗೆ ಪಿಂಗ್ ಮಾಡುವ ಮಾನಿಟರಿಂಗ್ ಸಾಲದು. ಕಾಟಾ ತಂತ್ರಾಂಶದ ಪೋರ್ಟಿಗೆ, ಡೇಟಾಬೇಸಿಗೆ ನೇರ ಪ್ರಶ್ನೆ ಕಳುಹಿಸಿ ಉತ್ತರ ಬಂತೇ ಎಂದು ನೋಡಬೇಕು. ಪ್ರಾಕ್ಸ್‌ಮಾಕ್ಸ್ ತಾನಾಗಿ ಬಳಸುವುದು ಸಾಫ್ಟ್‌ಡಾಗ್ ಎಂಬ ತಂತ್ರಾಂಶದ ವಾಚ್‌ಡಾಗ್. ಕರ್ನಲ್ಲೇ ಗಟ್ಟಿಯಾಗಿ ನಿಂತರೆ ಅದೂ ನಿಲ್ಲಬಹುದು. ಸರ್ವರಿನಲ್ಲಿ ಐಪಿಎಂಐ ಎಂಬ ಹಾರ್ಡ್‌ವೇರ್ ವಾಚ್‌ಡಾಗ್ ಇದ್ದರೆ ಅದನ್ನು ಹೊಂದಿಸಿ.

ಪ್ಯಾಚ್ ಹಾಕುವುದು, ನಿಜವಾಗಿ ಹತ್ತುವಂತೆ

ಮೊದಲು ಜಾಗದ ಲೆಕ್ಕ. 128 ಜಿಬಿಯ ಎರಡು ಹೋಸ್ಟ್ ಇದ್ದರೆ ಗೆಸ್ಟ್‌ಗಳ ಒಟ್ಟು ಮೆಮೊರಿ ಒಂದೇ ಹೋಸ್ಟಿನಲ್ಲಿ ಹಿಡಿಯಬೇಕು. ಹೋಸ್ಟಿಗೇ ಬೇಕಾದದ್ದನ್ನು ಬಿಟ್ಟು ಸುಮಾರು 110 ಜಿಬಿ ಎಂದಿಟ್ಟುಕೊಳ್ಳಿ. ಮೂರು ಹೋಸ್ಟ್ ಇದ್ದರೆ ಪ್ರತಿಯೊಂದನ್ನೂ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಈ ಲೆಕ್ಕ ತಪ್ಪಿದ ಕಡೆ ಪ್ಯಾಚ್ ಹಾಕಲು ಗೆಸ್ಟ್‌ಗಳನ್ನು ಆಫ್ ಮಾಡಬೇಕಾಗುತ್ತದೆ, ಅದಕ್ಕೆ ಅನುಮತಿ ಸಿಗುವುದಿಲ್ಲ, ಪ್ಯಾಚ್ ವರ್ಷಗಟ್ಟಲೆ ಉಳಿಯುತ್ತದೆ. ಎರಡು ಹೋಸ್ಟಿನ ಪ್ರಾಕ್ಸ್‌ಮಾಕ್ಸ್ ಕ್ಲಸ್ಟರಿಗೆ ಮೂರನೇ ಮತಕ್ಕಾಗಿ ಕ್ಯೂಡಿವೈಸ್ ಎಂಬ ಹೊರಗಿನ ಸಾಕ್ಷಿ ಬೇಕು. ಇಲ್ಲದಿದ್ದರೆ ಒಂದು ಹೋಸ್ಟ್ ಆಫ್ ಆದಾಗ ಇನ್ನೊಂದಕ್ಕೆ ಕೋರಂ (ಬಹುಮತ) ಇರುವುದಿಲ್ಲ.

ಆಮೇಲೆ ಕ್ರಮ: ಗೆಸ್ಟ್‌ಗಳನ್ನು ಇನ್ನೊಂದು ಹೋಸ್ಟಿಗೆ ಸಾಗಿಸಿ, ಖಾಲಿಯಾದದ್ದನ್ನು ಮೇಂಟೆನೆನ್ಸ್ ಮೋಡಿಗೆ ಹಾಕಿ, ಹೈಪರ್‌ವೈಸರ್ ಪ್ಯಾಚ್ ಜತೆಗೆ ಮೈಕ್ರೋಕೋಡ್ ಅಥವಾ ಬಯಾಸ್ ಅಪ್‌ಡೇಟೂ ಹಾಕಿ ರೀಬೂಟ್ ಮಾಡಿ. ಮುಖ್ಯವಲ್ಲದ ಗೆಸ್ಟ್‌ಗಳನ್ನು ಮೊದಲು ಅದರ ಮೇಲೆ ತಂದು ಒಂದು ದಿನ ಓಡಿಸಿ, ಆಮೇಲೆ ಉಳಿದವು.

ಕೆವಿಎಂ ಕಡೆ ಬಹಳ ಜನ ಎಡವುವ ಜಾಗ ಒಂದಿದೆ. ಕ್ಯೂಇಎಂಯು ಪ್ಯಾಕೇಜ್ ಅಪ್‌ಡೇಟ್ ಮಾಡಿದರೂ ಓಡುತ್ತಿರುವ ಗೆಸ್ಟ್ ಹಳೆಯ ಕೋಡಿನ ಮೇಲೆಯೇ ಇರುತ್ತದೆ, ಏಕೆಂದರೆ ಆ ಪ್ರೊಸೆಸ್ ಮೊದಲೇ ಮೆಮೊರಿಗೆ ಬಂದಾಗಿದೆ. ಗೆಸ್ಟಿನೊಳಗಿನಿಂದ ರೀಸ್ಟಾರ್ಟ್ ಕೊಟ್ಟರೂ ಅದೇ ಪ್ರೊಸೆಸ್ ಮುಂದುವರಿಯುತ್ತದೆ. ಗೆಸ್ಟನ್ನು ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಬೇಕು, ಇಲ್ಲವೇ ಪ್ಯಾಚ್ ಆದ ಹೋಸ್ಟಿಗೆ ಲೈವ್ ಮೈಗ್ರೇಶನ್ ಮಾಡಬೇಕು. ಆಗ ಹೊಸ ಪ್ರೊಸೆಸ್ ಹುಟ್ಟುತ್ತದೆ. ಕರ್ನಲ್ ಅಪ್‌ಡೇಟಿಗೆ ಹೋಸ್ಟ್ ರೀಬೂಟ್ ಬೇಕೇ ಬೇಕು.

ಹಂಗಾಮಿನ ನಡುವೆ ಹೊಸ ಆವೃತ್ತಿಗೆ ಹಾರಬೇಡಿ. ದೊಡ್ಡ ಅಪ್‌ಗ್ರೇಡ್ ಎಲ್ಲ ಮಳೆಗಾಲದಲ್ಲಿ, ಕಾರ್ಖಾನೆ ಸಾಮಾನು ಬಿಚ್ಚಿ ದುರಸ್ತಿ ಮಾಡುವ ತಿಂಗಳುಗಳಲ್ಲೇ ಮುಗಿಯಲಿ. ಹಂಗಾಮಿನಲ್ಲಿ ಬಂದದ್ದು ಹೋಸ್ಟ್ ಬೀಳಿಸುವ ದೋಷವಾದರೆ ಮಾತ್ರ, ಅದೇ ಆವೃತ್ತಿಯ ಭದ್ರತಾ ಪ್ಯಾಚನ್ನಷ್ಟೇ ಹಾಕಿ.

ಬಿದ್ದ ಮೇಲೆ

ಈ ಭಾಗದಲ್ಲಿ ಸರ್ವರ್ ಆಫ್ ಆದರೆ ಮೊದಲ ಸಂಶಯ ಹೋಗುವುದು ಕರೆಂಟಿನ ಮೇಲೆ, ಯುಪಿಎಸ್ ಮೇಲೆ. ಊಹೆ ಬೇಡ. ಸರ್ವರಿನ ಐಲೋ, ಐಡ್ರಾಕ್‌ನಂಥ ನಿರ್ವಹಣಾ ಚಿಪ್ಪಿನಲ್ಲಿ ಸಿಸ್ಟಮ್ ಇವೆಂಟ್ ಲಾಗ್ ಇರುತ್ತದೆ. ವಿದ್ಯುತ್ ಹೋಗಿದ್ದರೆ ಅಲ್ಲಿ ಹಾಗೆಂದೇ ಇರುತ್ತದೆ; ವಾಚ್‌ಡಾಗ್ ರೀಸೆಟ್ ಅಥವಾ ಮಷಿನ್ ಚೆಕ್ ಎಂದಿದ್ದರೆ ಹೆಸ್ಕಾಂ ಲೈನಿಗೂ ಇದಕ್ಕೂ ಸಂಬಂಧವಿಲ್ಲ.

ಹೋಸ್ಟ್ ಇನ್ನೂ ನಿಂತ ಸ್ಥಿತಿಯಲ್ಲಿದ್ದರೆ ಪವರ್ ಬಟನ್‌ಗೆ ಕೈ ಹಾಕುವ ಮೊದಲು ಎರಡು ನಿಮಿಷ ಕೊಡಿ. ಪರದೆಯ ಫೋಟೋ ತೆಗೆಯಿರಿ. ಇಎಸ್‌ಎಕ್ಸ್‌ಐನ ನೇರಳೆ ಪರದೆಯಲ್ಲಿರುವ ಸಾಲುಗಳೇ ಕಂಪನಿಯ ಬೆಂಬಲ ತಂಡ ಮೊದಲು ಕೇಳುವುದು. ಪರದೆ ಖಾಲಿಯಿದ್ದರೆ ನಿರ್ವಹಣಾ ಚಿಪ್ಪಿನಿಂದ ಎನ್‌ಎಂಐ (ಸಿಪಿಯು ಕಡೆಗಣಿಸಲಾಗದ ಇಂಟರಪ್ಟ್) ಕಳುಹಿಸಿ. ಲಿನಕ್ಸ್‌ನಲ್ಲಿ ಕ್ರ್ಯಾಶ್ ಆದಾಗ ಮೆಮೊರಿಯ ಪ್ರತಿ ಉಳಿಸುವ ಕೆಡಂಪ್ ಮೊದಲೇ ಹೊಂದಿಸಿದ್ದು, ಗುರುತಿಲ್ಲದ ಎನ್‌ಎಂಐ ಬಂದಾಗ ಪ್ಯಾನಿಕ್ ಆಗುವಂತೆ ಇಟ್ಟಿದ್ದರೆ ಮೆಮೊರಿಯ ಡಂಪ್ ಸಿಗುತ್ತದೆ. ಇಎಸ್‌ಎಕ್ಸ್‌ಐನಲ್ಲಿ ಡಂಪನ್ನು ನೆಟ್‌ವರ್ಕ್ ಮೂಲಕ ಯುಡಿಪಿ 6500ನೇ ಪೋರ್ಟಿನಲ್ಲಿ ಇನ್ನೊಂದು ಯಂತ್ರಕ್ಕೆ ಕಳುಹಿಸುವಂತೆ ಮಾಡಬಹುದು. ಡಂಪ್ ಇಲ್ಲದೆ ಯಾವ ಗೆಸ್ಟ್ ಕಾರಣ ಎಂದು ಹೇಳುವುದು ಬಹಳ ಕಷ್ಟ.

ಬಿದ್ದ ಕ್ಷಣದಲ್ಲಿ ಆ ಹೋಸ್ಟಿನ ಮೇಲೆ ಯಾವ ಯಾವ ಗೆಸ್ಟ್ ಇದ್ದವು ಎಂಬ ಪಟ್ಟಿ ಬರೆದಿಡಿ. ಎರಡು ಹೋಸ್ಟ್ ಒಂದರ ಹಿಂದೊಂದು ಬಿದ್ದಿದ್ದರೆ ಎರಡೂ ಪಟ್ಟಿಯಲ್ಲಿರುವ ಹೆಸರುಗಳ ಮೇಲೆ ಕಣ್ಣಿಡಬೇಕು. ಏಳಿಸುವಾಗ ಡೇಟಾಬೇಸ್, ಕಾಟಾ, ಆಮೇಲೆ ಬಿಲ್. ಸಂಶಯದ ಗೆಸ್ಟನ್ನು ಆನ್ ಮಾಡದೆ ಅದರ ಡಿಸ್ಕ್ ಪ್ರತಿಯನ್ನು ತೆಗೆದಿಡಿ. ವೆಬ್‌ಸೈಟ್ ಗೆಸ್ಟ್ ಬೇಕೇ ಬೇಕೆಂದರೆ ಬ್ಯಾಕಪ್‌ನಿಂದ, ಬೇರೆ ಹೋಸ್ಟಿನ ಮೇಲೆ, ಎಚ್‌ಎ ಇಲ್ಲದೆ ಏಳಿಸಿ.

ದಾಳಿಯ ಸುಳಿವಿದ್ದರೆ ಗಡಿಯಾರ ನೋಡಿಕೊಳ್ಳಬೇಕು. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದ ಪ್ರಕಾರ ವರದಿ ಮಾಡಲೇಬೇಕಾದ ಘಟನೆಗಳ ಪಟ್ಟಿಯಲ್ಲಿ ಡಿನೈಯಲ್ ಆಫ್ ಸರ್ವಿಸ್ ದಾಳಿಯೂ ಇದೆ, ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಉಳಿಸಿಕೊಂಡಿರಬೇಕು. ಹೋಸ್ಟಿನ ಲಾಗ್ ಹೋಸ್ಟಿನಲ್ಲೇ ಇದ್ದರೆ, ಅದೂ ಇಎಸ್‌ಎಕ್ಸ್‌ಐ ಅನ್ನು ಯುಎಸ್‌ಬಿ ಅಥವಾ ಎಸ್‌ಡಿ ಕಾರ್ಡಿನಿಂದ ಬೂಟ್ ಮಾಡಿ ಲಾಗ್‌ಗೆ ಬೇರೆ ಜಾಗ ತೋರಿಸದಿದ್ದರೆ, ರೀಬೂಟ್ ಆದಾಗ ಅವು ಅಳಿಸಿಹೋಗುತ್ತವೆ. ಲಾಗ್‌ಗಳನ್ನು ಸಂಗ್ರಹಿಸುವ ಸಿಸ್‌ಲಾಗ್ ಸರ್ವರನ್ನು ಬೇರೆ ಯಂತ್ರದಲ್ಲಿಡಿ, ಆ ಯಂತ್ರ ಇದೇ ಕ್ಲಸ್ಟರಿನ ಗೆಸ್ಟ್ ಆಗಿರದಂತೆ ನೋಡಿಕೊಳ್ಳಿ.